ಕೊಡುಗೈ

ಇವತ್ತು ತನ್ನನ್ನು ಹೊಗಳುತ್ತಾರೆಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ಅವನಿಗೆ ಗೊತ್ತಿತ್ತು. ಬೈಗುಳವಾದರೆ ತಡೆದುಕೊಳ್ಳಬಹುದು, ತಲೆ ತಗ್ಗಿಸಿ ನಿಂತರೆ ಅದು ನೆತ್ತಿಯ ಮೇಲಿಂದ ಹರಿದುಹೋಗುತ್ತದೆ. ಹೊಗಳಿಕೆಗೆ ಮುಖ ಕೊಡಬೇಕು. ಅದೂ ಎಂಥ ಮುಖ? ನಕ್ಕಂತೆಯೂ ಇರಬೇಕು, ನಾಚಿದಂತೆಯೂ ಇರಬೇಕು, ಅಯ್ಯೋ ನಾನೇನು ಮಹಾ ಮಾಡಿದೆ ಎನ್ನುವಂತೆಯೂ ಇರಬೇಕು. ಬಾಯಿ ತುಂಬ ನೊರೆ ಇಟ್ಟುಕೊಂಡು ಆ ಮುಖವನ್ನು ಒಮ್ಮೆ ಮಾಡಿ ನೋಡಿದ. ಕನ್ನಡಿ ಅವನ ಎತ್ತರದವರಿಗೆ ಹಾಕಿದ್ದಲ್ಲ, ಮಂಡಿ ಮಡಿಸಿ ಬಗ್ಗಿದರೆ ಮಾತ್ರ ಹಣೆ ಕಾಣುತ್ತದೆ. ಹಾಗೆ ಬಗ್ಗಿ ನಿಂತವನು ಯಾರದೋ ಮನೆಯ ಕಿಟಕಿಯಲ್ಲಿ ಇಣುಕುತ್ತಿರುವವನ ಹಾಗೆ ಕಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇನ್ನೂ ಯಾರೂ ಕಳ್ಳ ಎಂದೇ ಇಲ್ಲ, ಇವನು ಆಗಲೇ ಹೆಗಲು ಒರೆಸಿಕೊಳ್ಳುತ್ತಿದ್ದಾನೆ. ಬಾಯಿ ಮುಕ್ಕಳಿಸಿ ಉಗಿದು, ದೀಪ ಆರಿಸಿ ಹೊರಗೆ ಬಂದ.

ಅಮ್ಮನ ಫೋನು ಬಂದಾಗ ಒಂದು ಬೂಟಿನ ಲೇಸು ಕಟ್ಟಿ ಆಗಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಇನ್ನೊಂದನ್ನು ಕಟ್ಟತೊಡಗಿದ. “ತಿಂಡಿ ಆಯ್ತೇನೋ?” “ಈಗ ಹೋಗ್ತೀನಮ್ಮ.” “ಮೊನ್ನೆ ಆಟ ನೋಡ್ದೆ. ನಿಮ್ಮಕ್ಕ ಫೋನಲ್ಲಿ ಹಾಕ್ಕೊಟ್ಟಳು. ಸೋತ್ರೆ ಸೋಲ್ಲಿ ಬಿಡು, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ. ಆಟ ನಡೀತಿರುವಾಗ ಮಾತಾಡ್ತಿರ್ತಾನಲ್ಲ ಒಬ್ಬ, ಅವನೂ ಅಂದ, ಈ ಹುಡುಗನಿಗೆ ಸ್ವಾರ್ಥ ಅನ್ನೋದೇ ಇಲ್ಲ ಅಂತ. ಚಿಕ್ಕಂದಿನಿಂದ್ಲೂ ಹಾಗೇ ಅಲ್ವೇನೋ ನೀನು?” ಚಿಕ್ಕಂದಿನಿಂದಲೂ ಹಾಗೇ. ಅಮ್ಮ ಬ್ರೆಡ್ಡನ್ನೋ ಹಣ್ಣನ್ನೋ ಇಬ್ಬರಿಗೂ ಹಂಚಿಕೊಳ್ಳಿ ಎಂದು ಅವನ ಕೈಗೆ ಕೊಟ್ಟರೆ ಅವನು ದೊಡ್ಡ ಪಾಲನ್ನು ಅಕ್ಕನಿಗೇ ದಾಟಿಸುತ್ತಿದ್ದ. ಬಂದವರ ಹೋದವರ ಮುಂದೆಲ್ಲ ಅಮ್ಮ ಅದನ್ನು ಹೇಳಿ ಅವನ ತಲೆ ಸವರುತ್ತಿದ್ದಳು. ಕೊಡದಿದ್ದರೆ ಅಕ್ಕ ಮೇಜಿನ ಕೆಳಗೆ ಕೈ ತಂದು ತೊಡೆಯನ್ನು ಉಗುರಲ್ಲಿ ಚಿವುಟುತ್ತಿದ್ದಳೆಂಬುದು ಮಾತ್ರ ಅಮ್ಮನಿಗೆ ಗೊತ್ತಿರಲಿಲ್ಲ. ಚಿವುಟಿದ ನೋವು ಮರೆತುಹೋಗಿ ತಲೆ ಸವರಿದ್ದು ಮಾತ್ರ ಉಳಿದು, ಕೊನೆಗೆ ಅವನೇ ನಂಬಿಬಿಟ್ಟಿದ್ದ, ತಾನು ಕೊಡುವವನೇ ಎಂದು. “ಹೂಂ ಅಮ್ಮ,” ಎಂದ. “ಇವತ್ತೂ ಹಾಗೇ ಆಡು,” ಎಂದಳು ಅಮ್ಮ.

ಬ್ಯಾಸ್ಕೆಟ್‌ಬಾಲ್ ತಂಡದವರು ಅವನನ್ನು ದಾನಿ ಎನ್ನುತ್ತಾರೆ. ಹೆಸರಿಟ್ಟವನು ಗೂಳಿ, ರಿಂಗಿನ ಕೆಳಗೆ ನಿಂತು ಎಲ್ಲರನ್ನೂ ಗುದ್ದುವ ದೈತ್ಯ. “ಏನಪ್ಪಾ ಕೊಡುಗೈ ದಾನಿ, ಇವತ್ತು ಯಾರಿಗೆ ಏನು ಕೊಡ್ತೀಯ?” ಎಂದು ಮೆಟ್ಟಿಲ ಹತ್ತಿರವೇ ಬೆನ್ನ ಮೇಲೆ ಗುದ್ದಿದ. ಪ್ರೀತಿಯಿಂದಲೇ. ಸಾಮಾನಿನ ಕೋಣೆಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಪರದೆ ಎಳೆದು ಕತ್ತಲೆ ಮಾಡಿದ್ದರು. ಆಟಗಾರರ ಕಾಲುಗಳು ಮುಂದಿನ ಸಾಲಿನ ಕುರ್ಚಿಗಳ ಕೆಳಗಿಂದ ಹಾದು ಇನ್ನೂ ಮುಂದಕ್ಕೆ ಚಾಚಿದ್ದವು. ಕೋಣೆಯ ತುಂಬ ನೋವಿನ ಮುಲಾಮಿನ ವಾಸನೆ. ಮೂಲೆಯಣ್ಣ ಎಂದಿನ ಹಾಗೆ ಗೋಡೆಗೆ ಒರಗಿ, ಎರಡು ಬೆರಳಿಗೆ ಅಂಟುಪಟ್ಟಿ ಸುತ್ತಿಕೊಳ್ಳುತ್ತ ಕೂತಿದ್ದ. ಅಂಕಣದ ಮೂಲೆಯಲ್ಲಿ ನಿಂತು, ಅಲ್ಲಿಂದಲೇ ಚೆಂಡನ್ನು ರಿಂಗಿಗೆ ಹಾಕುವುದರಲ್ಲಿ ಇಷ್ಟು ವರ್ಷ ಬಾಳಿದವನು. ಅದಕ್ಕೇ ಎಲ್ಲರಿಗೂ ಮೂಲೆಯಣ್ಣ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ತನ್ನ ಪಕ್ಕದ ಖಾಲಿ ಕುರ್ಚಿಯನ್ನು ತೋರಿಸಿ, “ಬಾರೋ, ಇಲ್ಲಿ ಕಾಲಿಗೆ ಜಾಗ ಇದೆ,” ಎಂದ. ಇವನು ಕೇಳಿಸದವನಂತೆ ಗೂಳಿಯ ಹಿಂದೆ ಹೋಗಿ ಕೂತ.

ಮೊನ್ನೆಯ ಆಟದ ಚಿತ್ರ ಶುರುವಾಯಿತು. ವಿಡಿಯೋದವನು ಪ್ರತಿ ಆಟವನ್ನೂ ಸಣ್ಣ ಸಣ್ಣ ತುಂಡು ಮಾಡಿ ತರುತ್ತಾನೆ: ಪಾಸುಗಳೆಲ್ಲ ಒಂದು ಕಡೆ, ಹಾಕಿದ ಶಾಟುಗಳೆಲ್ಲ ಒಂದು ಕಡೆ, ತಪ್ಪಿದ್ದೆಲ್ಲ ಇನ್ನೊಂದು ಕಡೆ. ಪಾಸಿನ ತುಂಡು ಚೆಂಡು ಕೈಬಿಡುವ ಹೊತ್ತಿಗೆ ಶುರುವಾಗುತ್ತದೆ. ಶಾಟಿನ ತುಂಡು ಚೆಂಡು ಕೈಗೆ ಬಂದಲ್ಲಿಂದ ಶುರುವಾಗುತ್ತದೆ. ಅದಕ್ಕೆ ಮುಂಚೆ ಚೆಂಡು ಹಿಡಿದವನು ಏನು ಮಾಡುತ್ತ ನಿಂತಿದ್ದ ಎನ್ನುವುದು ಯಾವ ತುಂಡಿನಲ್ಲೂ ಇರುವುದಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ, ಕೆಲಸ ಬೇಗ ಮುಗಿಯಲೆಂದು ಹಾಗೆ ಮಾಡಿಕೊಂಡ ಪದ್ಧತಿ. ಆ ಸಂದಿಯಲ್ಲಿ ಅವನು ಎರಡು ತಿಂಗಳಿಂದ ಬದುಕುತ್ತಿದ್ದ. “ಇಲ್ಲಿ ನಿಲ್ಸು,” ಎಂದರು ಕೋಚ್. ಪರದೆಯ ಮೇಲೆ ಅವನೇ ದೊಡ್ಡದಾಗಿ ನಿಂತಿದ್ದ, ಎದುರಾಳಿ ಕೈ ಎತ್ತಿ ಮೇಲೆ ಬೀಳುತ್ತಿದ್ದಾನೆ, ಚೆಂಡು ಆ ಕೈಯ ಕೆಳಗಿನಿಂದ ಮೂಲೆಗೆ ಹೊರಟಿದೆ. “ನೋಡ್ರಪ್ಪ, ಚೆನ್ನಾಗಿ ನೋಡಿ. ಇವನ ವಯಸ್ಸಿನೋರು ಚೆಂಡು ಸಿಕ್ರೆ ಸಾಕು, ಕಣ್ಣು ಮುಚ್ಕೊಂಡು ಎಸೀತಾರೆ. ಇವನು ನೋಡಿ, ಎದುರಿನೋನನ್ನ ತನ್ನ ಮೇಲೆ ಎಳ್ಕೊಂಡು ಅಣ್ಣನಿಗೆ ದಾರಿ ಮಾಡಿಕೊಟ್ಟ. ತಂಡ ಅಂದ್ರೆ ಇದು.” ಹಿಂದಿನಿಂದ ಯಾರೋ ಅವನ ತಲೆಗೂದಲು ಕೆದರಿದರು. ಅವನು ಬೆಳಿಗ್ಗೆ ಕನ್ನಡಿಯಲ್ಲಿ ಮಾಡಿ ನೋಡಿದ್ದ ಮುಖವನ್ನು ಮಾಡಿದ.

ಎಳೆದುಕೊಂಡದ್ದಲ್ಲ. ಆ ಎದುರಾಳಿ ಮೊದಲು ಇವನ ಹತ್ತಿರವೇ ಇರಲಿಲ್ಲ, ಎಲ್ಲೋ ದೂರದಲ್ಲಿದ್ದ. ಚೆಂಡು ಕೈಗೆ ಬಂದಾಗ ಎದುರಿಗೆ ಖಾಲಿ ನೆಲ, ಅದರಾಚೆ ರಿಂಗು, ನಡುವೆ ಒಂದು ನರಪಿಳ್ಳೆಯೂ ಇಲ್ಲ. ಮಕ್ಕಳೂ ಎಸೆಯುತ್ತಾರೆ ಅಂಥ ಜಾಗದಿಂದ. ಅವನ ಮೊಣಕೈ ಮಾತ್ರ ಏಳಲಿಲ್ಲ. ಎಸೆಯುವವನ ಹಾಗೆ ಒಮ್ಮೆ ಭುಜ ಕುಣಿಸಿದ, ಚೆಂಡನ್ನು ನೆಲಕ್ಕೆ ಎರಡು ಸಲ ಬಡಿದ, ಆ ಕಡೆ ಈ ಕಡೆ ನೋಡಿದ. ಚೆಂಡು ಸಿಕ್ಕ ತಂಡ ಇಪ್ಪತ್ನಾಲ್ಕು ಸೆಕೆಂಡಿನೊಳಗೆ ರಿಂಗಿಗೆ ಎಸೆಯಲೇಬೇಕು. ಇಲ್ಲದಿದ್ದರೆ ಭೋಂಗು ಕೂಗಿ ಚೆಂಡು ಎದುರಾಳಿಗೆ ಹೋಗುತ್ತದೆ. ರಿಂಗಿನ ಮೇಲಿನ ಕೆಂಪು ಅಂಕಿ ಇಳಿಯುತ್ತ ಇಳಿಯುತ್ತ ಎರಡಕ್ಕೆ ಬಂದಾಗ, ಅಷ್ಟರಲ್ಲಿ ಓಡಿಬಂದ ಎದುರಾಳಿಯ ಕಂಕುಳ ಸಂದಿಯಿಂದ ಮೂಲೆಗೆ ಒಂದು ಪಾಸು. ಎಂಥ ನಾಜೂಕಿನ ಪಾಸು! ಹೆದರಿಕೆಗೂ ಒಂದು ಕಸುಬುಗಾರಿಕೆ ಬಂದುಬಿಡುತ್ತದೆ. ಅಲ್ಲಿ ಮೂಲೆಯಣ್ಣನಿಗೆ ಚೆಂಡು ಹಿಡಿದು ಕಾಲೂರಲೂ ಸಮಯವಿಲ್ಲ, ಇನ್ನೊಬ್ಬರಿಗೆ ಕೊಡಲೂ ಸಮಯವಿಲ್ಲ. ಮುಖದ ಮೇಲೆ ಒಬ್ಬನ ಅಂಗೈ ಇಟ್ಟುಕೊಂಡು, ಗಾಳಿಯಲ್ಲಿ ವಾಲಿ, ಎಸೆಯಲೇಬೇಕು. ತಪ್ಪುತ್ತದೆ. ಪಾಸು ಇವನ ತುಂಡು, ತಪ್ಪಿದ್ದು ಅಣ್ಣನ ತುಂಡು. ಕೋಚ್ “ಮುಂದೆ” ಎಂದರು. ತಪ್ಪಿದ ಶಾಟುಗಳ ತುಂಡುಗಳು ಬರತೊಡಗಿದವು, ಒಂದರ ಹಿಂದೆ ಒಂದು ಮೂಲೆಯಣ್ಣ ಎಗರಿದ, ವಾಲಿದ, ತಪ್ಪಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೋಣೆಯಲ್ಲಿ ಅದು ಎತ್ತಿಗೂ ಗೊತ್ತಿತ್ತು, ಬಹುಶಃ ಎಮ್ಮೆಗೂ.

“ಇವತ್ತು ಅಣ್ಣ ಬೆಂಚಲ್ಲಿ ಕೂತಿರ್ತಾನೆ,” ಎಂದರು ಕೋಚ್, ಪರದೆ ಸರಿಸಿ ಬೆಳಕು ಬಿಡುತ್ತ. “ಅವನ ಜಾಗದಲ್ಲಿ ದಾನಿ ಶುರು ಮಾಡ್ತಾನೆ. ಮೂಲೆ ಖಾಲಿ ಬಿಡಿ, ಒಳಗೆ ನುಗ್ಗೋಕೆ ಜಾಗ ಆಗ್ಲಿ.” ಇಷ್ಟೇ. ಆದರೆ ವರ್ಷದ ಕೊನೆಯ ಪಂದ್ಯಗಳಲ್ಲಿ ಕೂತವನನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದಿಲ್ಲ, ಈ ವಯಸ್ಸಿಗೆ ಇಲ್ಲಿಂದ ಬಿಟ್ಟವನನ್ನು ಇನ್ನೆಲ್ಲೂ ಕರೆಯುವುದಿಲ್ಲ, ಇದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಮೂಲೆಯಣ್ಣ ಬೆರಳಿನ ಪಟ್ಟಿಯನ್ನು ಹಲ್ಲಿನಿಂದ ಕತ್ತರಿಸಿ, “ಆಯ್ತು ಸರ್,” ಎಂದ. ಆ ‘ಆಯ್ತು’ ಎಷ್ಟು ಸಲೀಸಾಗಿ ಬಂತೆಂದರೆ ಗೂಳಿ ಕೂಡ ನೆಲ ನೋಡಿದ. ಇವನಿಗೆ ಖುಷಿಯೂ ಆಗಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಶುರುವಿನ ಐವರಲ್ಲಿ ಒಬ್ಬನಾಗುವುದಕ್ಕೇ ಅಲ್ಲವೇ ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು, ಮಂಚ ಸಾಲದೆ ಕಾಲಿನ ಕಡೆ ಸ್ಟೂಲಿಟ್ಟು ಮಲಗುತ್ತ ಬಂದದ್ದು. ಆ ಖುಷಿಯನ್ನು ಕಂಡೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಹೀಗಿರಲಿಲ್ಲ ಮೊದಲು. ಸೀಸನ್ನಿನ ಶುರುವಿನಲ್ಲಿ ಅವನು ಎಸೆಯುತ್ತಿದ್ದ, ಹಾಕುತ್ತಲೂ ಇದ್ದ. ಅಭ್ಯಾಸ ಮುಗಿದ ಮೇಲೆ ಎಲ್ಲರೂ ಸ್ನಾನಕ್ಕೆ ಹೋದರೆ ಮೂಲೆಯಣ್ಣ ಉಳಿದು, ಚೆಂಡು ಹೆಕ್ಕಿ ಹೆಕ್ಕಿ ಕೊಡುತ್ತಿದ್ದ. “ಯೋಚ್ನೆ ಮಾಡ್ಬೇಡ, ಕೈಗೆ ಗೊತ್ತಿರುತ್ತೆ,” ಎನ್ನುತ್ತಿದ್ದ. ಆಮೇಲೆ ಒಂದು ಪಂದ್ಯ. ಒಂದೇ ಅಂಕದ ವ್ಯತ್ಯಾಸ, ಕೊನೆಯ ಗಳಿಗೆ, ಚೆಂಡು ಇವನ ಕೈಯಲ್ಲಿ, ಎದುರಿಗೆ ಯಾರೂ ಇಲ್ಲ. ಎಸೆದ. ಅದು ರಿಂಗಿಗೂ ತಾಗಲಿಲ್ಲ, ಹಲಗೆಗೂ ತಾಗಲಿಲ್ಲ, ಬಲೆಯ ಒಂದು ನೂಲಿಗೂ ತಾಗದೆ ಕೆಳಗೆ ಬಿತ್ತು. ಸಾವಿರಾರು ಜನ ಒಟ್ಟಿಗೆ ನಗುವುದನ್ನು ಅವನು ಅದುವರೆಗೆ ಕೇಳಿರಲಿಲ್ಲ. ಅದರಲ್ಲಿ ದ್ವೇಷವಿರಲಿಲ್ಲ, ಅದೇ ಕಷ್ಟವಾದದ್ದು. ಮಾರನೆಯ ದಿನ ಬ್ರೆಡ್ಡಿನ ಅಂಗಡಿಯವನು ಪೊಟ್ಟಣವನ್ನು ಅವನತ್ತ ಎಸೆದು, “ಹಿಡೀರಿ, ಇದನ್ನಾದ್ರೂ ತಪ್ಪಿಸ್ಬೇಡಿ,” ಎಂದ. ಅಂಗಡಿಯಲ್ಲಿದ್ದ ಮುದುಕಿಯೊಬ್ಬಳೂ ನಕ್ಕಳು. ಇವನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಆ ವಾರದ ಪಂದ್ಯದಲ್ಲಿ ಚೆಂಡು ಕೈಗೆ ಬಂದಾಗ ಕೈ, ಗೊತ್ತಿರಬೇಕಾದ್ದನ್ನು, ಮರೆತಿತ್ತು. ಮೂಲೆಯಲ್ಲಿ ಅಣ್ಣ ಕಂಡ. ಕೊಟ್ಟ. ಅಣ್ಣ ಅವತ್ತು ಹಾಕಿಯೂ ಹಾಕಿದ, ಜನ ಎದ್ದು ನಿಂತರು, ಕೋಚ್ ಇವನ ಕಡೆ ಬೆರಳು ಮಾಡಿ ಚಪ್ಪಾಳೆ ತಟ್ಟಿದರು. ಅಮ್ಮ ತಲೆ ಸವರಿದ ಹಾಗೇ ಆಗಿತ್ತು. ಆಮೇಲೆ ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಹೇಳಿಬಿಡಬೇಕು ಎಂದು ಕೋಚ್ ಕೋಣೆಗೆ ಹೋದ. ಹೋಗುವಾಗ ನೀರು ಕುಡಿಯುವ ನೆಪ ಮಾಡಿ ಎರಡು ಸಲ ನಿಂತ. ಕೋಚ್ ಪ್ಯಾಂಟಿನ ಬಲಗಾಲನ್ನು ಮಂಡಿಯ ಮೇಲಕ್ಕೆ ಮಡಿಸಿ, ಕುಯ್ದು ಹೊಲಿದ ಹಳೆಯ ಗಾಯದ ಮೇಲೆ ಐಸಿನ ಚೀಲ ಇಟ್ಟುಕೊಂಡು ಕಿತ್ತಳೆ ಸುಲಿಯುತ್ತಿದ್ದರು. “ಬಾ, ಕೂತ್ಕೋ. ತಿಂತೀಯಾ?” ಎಂದು ಅರ್ಧ ಚಾಚಿದರು. ಬೇಡವೆನ್ನಲಾಗದೆ ತೆಗೆದುಕೊಂಡ. “ಸರ್, ಅಣ್ಣಂದಲ್ಲ ತಪ್ಪು, ನಂದು,” ಎಂದ. ಒಂದೇ ಉಸಿರಿಗೆ ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತುಗಳು ಬಾಯಲ್ಲಿ ಬಿಸಿತುಪ್ಪದ ಹಾಗಾದವು. “ನಾನು ಶೂಟ್ ಮಾಡ್ಬೇಕಾದಾಗ ಮಾಡಲ್ಲ. ಟೈಮ್ ಕಳೆದು, ಕೊನೇಲಿ ಅವರಿಗೆ ಕೊಡ್ತೀನಿ. ಅವರಿಗೆ ಎಸೆಯೋಕೆ ಟೈಮೇ ಇರಲ್ಲ. ಅದಕ್ಕೇ ಅವು ತಪ್ಪೋದು.”

ಕೋಚ್ ಒಂದು ತೊಳೆ ಬಾಯಿಗೆ ಹಾಕಿಕೊಂಡು ಅವನನ್ನು ನೋಡಿದರು. ಆ ನೋಟದಲ್ಲಿ ಏನೋ ಕರಗುತ್ತಿರುವುದು ಕಂಡು ಅವನಿಗೆ ಭಯವಾಯಿತು. “ಅಣ್ಣ ಕಳಿಸಿದ್ನಾ?” “ಇಲ್ಲ ಸರ್.” “ಅಂದ್ರೆ ನೀನೇ ಬಂದಿದ್ದೀಯ, ಅವನನ್ನ ಉಳ್ಸೋಕೆ.” “ಉಳ್ಸೋಕಲ್ಲ ಸರ್, ನಿಜವಾಗ್ಲೂ ನಂಗೆ ಹೆದರಿಕೆ...” “ಹೆದರಿಕೆ ಯಾರಿಗಿಲ್ಲ ಹೇಳು. ನಂಗೂ ಇತ್ತು.” ಕೋಚ್ ಐಸಿನ ಚೀಲ ಸರಿಪಡಿಸಿಕೊಂಡರು. “ಮೂವತ್ತು ವರ್ಷದಿಂದ ಹುಡುಗ್ರನ್ನ ನೋಡ್ತಿದ್ದೀನಿ. ಬೇರೆಯೋರ ಜಾಗ ತನಗೆ ಸಿಕ್ತು ಅಂದ್ರೆ ಹಾರಾಡೋರನ್ನ ನೋಡಿದ್ದೀನಿ. ಅವರ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡು ನನ್ನ ಹತ್ರ ಬಂದೋನು ನೀನೇ ಮೊದಲು. ಅದಕ್ಕೇ ಕಣೋ ನಿನ್ನನ್ನ ಇವತ್ತು ಶುರು ಮಾಡಿಸ್ತಿರೋದು. ಹೋಗು, ಹಣ್ಣು ತಿನ್ನು.” ಇವನು ಇನ್ನೊಮ್ಮೆ ಬಾಯಿ ತೆರೆದ. ತುಂಡುಗಳಿಗೆ ಮುಂಚಿನ ಭಾಗ ತರಿಸಿ ನೋಡಿ ಸರ್, ಇಡೀ ಆಟ ಹಾಕಿಸಿ ನೋಡಿ, ಎಂದು ಹೇಳಬೇಕಿತ್ತು. ಹೇಳಿದ್ದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗುತ್ತಿರಲಿಲ್ಲ. ಅದೊಂದನ್ನೇ ಅವನು ಹೇಳಲಿಲ್ಲ. ಹೇಳಿಯಾಯಿತು, ನಂಬದಿದ್ದರೆ ನಾನೇನು ಮಾಡಲಿ ಎಂದುಕೊಳ್ಳುತ್ತ ಬಾಗಿಲೆಳೆದುಕೊಂಡ. ಎದೆಯ ಭಾರ ಇಳಿದಂತಿತ್ತು. ಕಿತ್ತಳೆ ಸಿಹಿಯಾಗಿತ್ತು, ತಿಂದ.

ಮಧ್ಯಾಹ್ನ ಬಟ್ಟೆ ಬದಲಿಸುವ ಕೋಣೆಗೆ ಬಂದಾಗ ಮೂಲೆಯಣ್ಣ ಒಬ್ಬನೇ ಇದ್ದ. ಒಂದು ಕಾಲನ್ನು ಬೆಂಚಿನ ಮೇಲಿಟ್ಟು ಹರಡಿಗೆ ಪಟ್ಟಿ ಸುತ್ತುತ್ತಿದ್ದ. ಆಡುವುದಿಲ್ಲವೆಂದು ಗೊತ್ತಿದ್ದೂ, ಎಂದಿನಷ್ಟೇ ಬಿಗಿಯಾಗಿ. “ಬಾಪ್ಪಾ,” ಎಂದ. “ಕೋಚ್ ಸಿಕ್ಕಿದ್ರು. ನನ್ನ ಪರವಾಗಿ ಹೋಗಿದ್ಯಂತೆ. ಎಂಥ ಹುಡುಗ, ನೋಡಿ ಕಲಿ ಅಂದ್ರು ನಂಗೆ.” ಅವನು ನಗುತ್ತಿದ್ದ. ನಗುತ್ತಲೇ ಪಟ್ಟಿಯನ್ನು ಹಿಮ್ಮಡಿಯಿಂದ ಎಳೆದು ಮೇಲೆ ತಂದ. ಇವನು ತನ್ನ ಕಪಾಟಿನ ಮುಂದೆ ನಿಂತು, ಬೀಗ ತೆಗೆದಿದ್ದರೂ ತೆಗೆಯುತ್ತಿರುವವನಂತೆ ಕೈಯಾಡಿಸಿದ. “ನಾನು ಹೇಳಿದ್ದು ಹಾಗಲ್ಲ ಅಣ್ಣ. ಅವರು ಹಾಗೆ ತಿಳ್ಕೊಂಡ್ರು.”

“ಗೊತ್ತು.”

“ನಿಮಗೆ ಮೊದ್ಲಿಂದ ಗೊತ್ತಿತ್ತಾ?”

“ಚೆಂಡು ಯಾಕೆ ಬರ್ತಿದೆ ಅಂತ ಹಿಡಿಯೋನಿಗೆ ಗೊತ್ತಾಗ್ದೆ ಇರುತ್ತೇನೋ? ಪ್ರೀತಿಯಿಂದ ಬಂದಿದ್ದು ಬೇರೆ, ಬಿಸಿ ತಾಗಿ ಬಿಟ್ಟಿದ್ದು ಬೇರೆ.”

“ಮತ್ತೆ ಯಾಕೆ ಒಂದು ಮಾತು ಹೇಳ್ಲಿಲ್ಲ?”

ಮೂಲೆಯಣ್ಣ ಸುತ್ತುವುದನ್ನು ನಿಲ್ಲಿಸಿ ಯೋಚಿಸಿದ. “ಏನಂತ ಹೇಳ್ಲಿ? ಹುಡುಗ ನಂಗೆ ಪಾಸ್ ಕೊಡ್ತಾನೆ ಸರ್, ಬೇಡ ಅನ್ನಿ ಅಂತ ದೂರು ಕೊಡ್ಲಾ? ಕುಣಿಯೋಕೆ ಬರ್ದೆ ಇರೋಳು ನೆಲ ಡೊಂಕು ಅಂದ್ಲಂತೆ, ಹಾಗಾಗ್ತಿತ್ತು. ಮೊದಮೊದಲು ನಂಗೂ ಚೆನ್ನಾಗೇ ಇತ್ತು. ಈ ವಯಸ್ಸಲ್ಲಿ ಚೆಂಡು ಬಂದ್ರೆ ಯಾರು ಬೇಡ ಅಂತಾರೆ? ಇಂಥವನ್ನೂ ಹಾಕ್ತೀನಿ ಅಂದ್ಕೊಂಡೆ. ಹಾಕಕ್ಕಾಗ್ಲಿಲ್ಲ.” ಪಟ್ಟಿಯ ಕೊನೆಯನ್ನು ಅಂಗೈಯಿಂದ ಒತ್ತಿ ಅಂಟಿಸಿದ. ಆಮೇಲೆ, ದನಿ ಏರಿಸದೆಯೇ, “ಇವತ್ತಿಂದು ಮಾತ್ರ ನಂಗೆ ಹಿಡಿಸ್ಲಿಲ್ಲ ಕಣೋ,” ಎಂದ. “ಎರಡು ತಿಂಗಳು ಹೊಟ್ಟೇಲಿಟ್ಕೊಂಡು, ಅವರು ನನ್ನನ್ನ ಕೂರಿಸಿದ ಮೇಲೆ ಹೋಗಿ ಹೇಳ್ದೆ. ಇದನ್ನೂ ಕೊನೇ ಸೆಕೆಂಡಲ್ಲೇ ತಂದು ನನ್ನ ಕೈಗೆ ಹಾಕ್ದೆ. ನಿನ್ನ ಮನಸ್ಸು ಹಗುರ ಆಯ್ತು. ನಾನೇನು ಮಾಡ್ಲಿ ಇದನ್ನ ಇಟ್ಕೊಂಡು?” ಎದ್ದು, ಪಟ್ಟಿ ಸುತ್ತಿದ ಕಾಲನ್ನು ನೆಲಕ್ಕೆ ಎರಡು ಸಲ ಊರಿ ನೋಡಿ, ಹೊರಗೆ ಹೋದ. ಇವನಿಗೆ ಅಲ್ಲೇ ಕೂತು ಅತ್ತುಬಿಡಬೇಕೆನ್ನಿಸಿತು. ಅಷ್ಟರಲ್ಲಿ ಗೂಳಿಯೂ ಮತ್ತಿಬ್ಬರೂ ಹಾಡುತ್ತ ಒಳಗೆ ಬಂದರು.

ಸಂಜೆ ಹಾಲ್ ತುಂಬಿತ್ತು. ಆಟಗಾರರನ್ನು ಒಬ್ಬೊಬ್ಬರಾಗಿ ಕರೆಯುವಾಗ ಅವನ ಹೆಸರಿಗೆ ಜನ ಕೂಗಿದರು, ಮೊದಲ ಸಲ. ಆ ಕೂಗಿನ ನಡುವೆ ಓಡಿಬರುವಾಗ ಅವನು ಒಂದೇ ವಿಷಯ ಯೋಚಿಸಿದ: ಇವತ್ತು ಮೊದಲ ಚೆಂಡನ್ನೇ ಎಸೆದುಬಿಡಬೇಕು, ಹಾಳಾಗಿಹೋಗಲಿ, ತಪ್ಪಿದರೂ ಸರಿ. ಮೊದಲ ಚೆಂಡು ಬಂತು. ಎದುರಾಳಿ ಸ್ವಲ್ಪ ಹತ್ತಿರ ಇದ್ದಾನೆ, ಮುಂದಿನದು ಎಂದುಕೊಂಡ. ಮುಂದಿನದು ಬಂದಾಗ ಕಾಲು ಸರಿಯಾಗಿ ಕೂತಿರಲಿಲ್ಲ. ಅದರ ಮುಂದಿನದಕ್ಕೆ ಗೂಳಿ ಕೆಳಗೆ ಕೈಯೆತ್ತಿ ನಿಂತಿದ್ದ, ಕೊಡದಿದ್ದರೆ ಅನ್ಯಾಯ. ಕೊಟ್ಟ, ಗೂಳಿ ಹಾಕಿದ, ಜನ ಕುಣಿದರು. ಪ್ರತಿ ಸಲವೂ ಒಂದು ಕಾರಣ, ಪ್ರತಿ ಕಾರಣವೂ ನ್ಯಾಯವಾದದ್ದೇ. ಮೊದಲರ್ಧ ಮುಗಿದಾಗ ತಂಡ ಮುಂದಿತ್ತು, ಅವನು ಒಂದೇ ಒಂದು ಸಲವೂ ರಿಂಗಿನ ಕಡೆ ಎಸೆದಿರಲಿಲ್ಲ, ಕೋಚ್ ಅವನ ಕತ್ತಿನ ಹಿಂಭಾಗವನ್ನು ಹಿಡಿದು ಅಲುಗಾಡಿಸಿ, “ಭೇಷ್,” ಎಂದರು. ಆ ಕೈಯಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮೂಲೆಯಣ್ಣ ನೀರಿನ ಬಾಟಲಿಗಳನ್ನು ಎಲ್ಲರಿಗೂ ಹಂಚುತ್ತ ಬಂದು ಇವನಿಗೂ ಒಂದು ಕೊಟ್ಟ.

ಎರಡನೆಯ ಅರ್ಧಕ್ಕೆ ಕಡೆ ಬದಲು. ಈಗ ಎಸೆಯಬೇಕಾದ ರಿಂಗು ತಮ್ಮದೇ ಬೆಂಚಿನ ಪಕ್ಕ. ಬೆಂಚಿನ ಕುರ್ಚಿಗಳು ಅಂಕಣದ ಗೆರೆಯ ಆಚೆ, ಮೂಲೆಯ ತನಕ ಸಾಲಾಗಿ ಹಾಕಿದ್ದವು. ಮೊದಲ ಚೆಂಡೇ ತಿರುಗಿ ತಿರುಗಿ ಅವನ ಕೈಗೆ ಬಂತು. ಎದುರಾಳಿ ಜಾರಿ ಬಿದ್ದಿದ್ದ. ಯಾರೂ ಇಲ್ಲ. ರಿಂಗಿನ ಮೇಲಿನ ಕೆಂಪು ಅಂಕಿ ಇನ್ನೂ ಹದಿನೈದರ ಹತ್ತಿರ ಇತ್ತು. ಕಾಲು ಸರಿಯಾಗಿ ಕೂತಿತ್ತು, ಗೂಳಿಯನ್ನು ಇಬ್ಬರು ಸುತ್ತುಗಟ್ಟಿ ನಿಂತಿದ್ದರು, ಯಾವ ಕಾರಣವೂ ಸಿಗಲಿಲ್ಲ. ಹಾಲ್‌ನಲ್ಲಿ ಜನ ಸುಮ್ಮನಾದರು, ಎಸೆಯುವವನಿಗೆಂದು ಬಿಡುವ ಮೌನ ಅದು. ಅಂಗಡಿಯ ಮುದುಕಿಯ ಹಲ್ಲು ಕಂಡಿತು. ಎಡಗಣ್ಣಿನ ಅಂಚಿನಲ್ಲಿ, ಮೂಲೆಯಲ್ಲಿ, ಆ ಪರಿಚಿತ ಮುಖ, ಸ್ವಲ್ಪ ಮುಂದಕ್ಕೆ ಬಾಗಿದ ಆ ಭುಜ, ಬೆಳ್ಳಗಾದ ಆ ಕಿವಿಯಂಚು. ಕೈಗಳು ತಮ್ಮಷ್ಟಕ್ಕೆ ಚಲಿಸಿದವು. ಚೆಂಡು ನೇರವಾಗಿ, ಜೋರಾಗಿ, ಅವನು ಜೀವನದಲ್ಲಿ ಕೊಟ್ಟ ಎಲ್ಲ ಪಾಸುಗಳಿಗಿಂತ ಚೆನ್ನಾಗಿ, ಖಾಲಿ ಬಿಟ್ಟಿದ್ದ ಮೂಲೆಯನ್ನು ದಾಟಿ, ಗೆರೆ ದಾಟಿ ಹೋಯಿತು. ಕೊನೆಯ ಕುರ್ಚಿಯಲ್ಲಿ ಕೂತಿದ್ದ ಮೂಲೆಯಣ್ಣ ಎರಡೂ ಕೈ ಎತ್ತಿ ಅದನ್ನು ಎದೆಯ ಮುಂದೆ ಹಿಡಿದ.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಹಾಲ್ ನಕ್ಕಿತು. ಮೇಲಿನ ಸಾಲುಗಳಿಂದ ಕೆಳಗಿನ ಸಾಲುಗಳ ತನಕ, ಎದುರು ತಂಡದವರು, ಚೆಂಡು ಕೊಡು ಎಂದು ಕೈ ಚಾಚಿದ ರೆಫರಿ, ಎಲ್ಲರೂ. ಗೂಳಿ ಹೊಟ್ಟೆ ಹಿಡಿದುಕೊಂಡು, “ಬೆಂಚಲ್ಲಿರೋರಿಗೂ ದಾನವೇನೋ!” ಎಂದು ಕಿರುಚಿದ. ನಗದವರು ಮೂವರೇ. ಕೋಚ್ ಗೆರೆಯ ಪಕ್ಕ ಕೈ ಕಟ್ಟಿ ನಿಂತಿದ್ದವರು ಮೊದಲು ಖಾಲಿ ಮೂಲೆಯನ್ನು ನೋಡಿದರು. ಆಮೇಲೆ ಇವನಿಗೂ ರಿಂಗಿಗೂ ನಡುವೆ ಇದ್ದ ಖಾಲಿ ನೆಲವನ್ನು ನೋಡಿದರು. ಆಮೇಲೆ ಕತ್ತು ತಿರುಗಿಸಿ, ಚೆಂಡು ಹಿಡಿದು ಕೂತಿದ್ದ ಮೂಲೆಯಣ್ಣನನ್ನು ಬಹಳ ಹೊತ್ತು ನೋಡಿದರು. ಅವರ ಮುಖದ ಬಣ್ಣ ಇಳಿಯುತ್ತ ಹೋಗುವುದನ್ನು ಇವನು ಅಂಕಣದ ಮಧ್ಯದಿಂದಲೇ ಕಂಡ. ಕೋಣೆಯಲ್ಲಿ ಎಷ್ಟು ಹೇಳಿದರೂ ಮುಟ್ಟದ ಮಾತು ಅವರಿಗೆ ಈಗ ಮುಟ್ಟಿತ್ತು. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಹೋಗಲಿ, ಇನ್ನು ಸುಳ್ಳು ಮುಖ ಮಾಡುವ ಕೆಲಸವಿಲ್ಲ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಇದ್ದವು.

ಕೋಚ್ ಮೂಲೆಯಣ್ಣನ ಹತ್ತಿರ ಹೋಗಿ ಬಗ್ಗಿ ಏನೋ ಹೇಳಿದರು. ಅವನು ಮೇಲಂಗಿ ಕಳಚಿ, ಒಳಗಿನ ಅಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೆರೆಗೆ ಬಂದ. ಭೋಂಗು ಕೂಗಿತು, ರೆಫರಿ ಇವನನ್ನು ಹೊರಗೆ ಕರೆದ. ಹೊರಗೆ ಹೋಗುವವನೂ ಒಳಗೆ ಬರುವವನೂ ಅಂಗೈ ತಟ್ಟಿಕೊಳ್ಳುವುದು ರೂಢಿ. ಇವನು ತಲೆ ಎತ್ತದೆ ಕೈ ಮಾತ್ರ ಎತ್ತಿದ. ಮೂಲೆಯಣ್ಣ ಆ ಕೈಯನ್ನು ತಟ್ಟದೆ ಹಿಡಿದುಕೊಂಡ. “ಟೈಮ್ ಇರುವಾಗ್ಲೇ ನೀನು ನಂಗೆ ಕೊಟ್ಟಿದ್ದು ಇದೊಂದೇ ಪಾಸು,” ಎಂದ. ಅದು ಗೇಲಿಯೋ ಕ್ಷಮೆಯೋ ಅವನ ಮುಖ ನೋಡಿದರೂ ಗೊತ್ತಾಗಲಿಲ್ಲ. ಅಣ್ಣ ಕೈ ಬಿಟ್ಟು ಅಂಕಣದೊಳಗೆ ಓಡಿದ.

ಇವನು ಹೋಗಿ ಖಾಲಿಯಾಗಿದ್ದ ಕೊನೆಯ ಕುರ್ಚಿಯಲ್ಲಿ ಕೂತ. ಕುರ್ಚಿ ಇನ್ನೂ ಬೆಚ್ಚಗಿತ್ತು. ಯಾರೋ ಹೆಗಲಿಗೆ ಟವೆಲು ಹಾಕಿದರು, ಯಾರೂ ತಲೆ ಸವರಲಿಲ್ಲ. ಮುಂದಿನ ಸಲ ಚೆಂಡು ಮೂಲೆಗೆ ಬಂದಾಗ ಮೂಲೆಯಣ್ಣನಿಗೆ ಕಾಲೂರಲು, ಉಸಿರು ತೆಗೆದುಕೊಳ್ಳಲು, ರಿಂಗನ್ನು ನೋಡಲು ಬೇಕಾದಷ್ಟು ಸಮಯವಿತ್ತು. ಅವನ ಬೆನ್ನು ಇವನಿಂದ ಕೈಯಳತೆಯಲ್ಲಿತ್ತು. ಅಂಗಿಯ ಹೊಲಿಗೆ ಸಹ ಕಾಣುತ್ತಿತ್ತು. ಚೆಂಡು ಅವನ ಬೆರಳು ಬಿಟ್ಟಾಗ, ತಾನು ಬಯಸುತ್ತಿರುವುದು ಅದು ಒಳಗೆ ಬೀಳಲಿ ಎಂದೋ ತಪ್ಪಲಿ ಎಂದೋ ಇವನಿಗೇ ಖಾತ್ರಿಯಿರಲಿಲ್ಲ, ಅದಕ್ಕಾಗಿ ತನ್ನನ್ನೇ ಶಪಿಸಿಕೊಂಡ. ಬಿತ್ತು. ಜನ ಎದ್ದು ನಿಂತರು. ಇವನೂ ನಿಲ್ಲಬೇಕೆಂದು ಎದ್ದ. ಪಕ್ಕದಲ್ಲಿ ಕೋಚ್ ನಿಂತಿದ್ದರು, ಅವರ ಕಣ್ಣು ಆಟದ ಮೇಲೇ ಇತ್ತು.

“ಬೆಳಿಗ್ಗೆ ನೀನು ಹೇಳಿದ್ದು ನಿಜ,” ಎಂದರು.

“ಹೌದು ಸರ್.”

“ಅಣ್ಣನ ಜೊತೆ ನಾನು ಮಾತಾಡ್ತೀನಿ. ಕೂರಿಸಿದ ತಪ್ಪು ನಂದು.” ಆಮೇಲೆ, ದನಿಯಲ್ಲಿ ಕೋಪವಾಗಲಿ ಕರುಣೆಯಾಗಲಿ ಇಲ್ಲದೆ ಹೇಳಿದರು: “ಇನ್ನು ಸ್ವಲ್ಪ ಹೊತ್ತಿಗೆ ನಿನ್ನನ್ನ ಒಳಗೆ ಕಳಿಸ್ತೀನಿ. ಅವನೂ ಮೂಲೇಲೇ ಇರ್ತಾನೆ. ಚೆಂಡು ಬಂದ್ರೆ ಏನು ಬೇಕಾದ್ರೂ ಮಾಡು. ಆದ್ರೆ ಯಾಕೆ ಮಾಡ್ದೆ ಅಂತ ಇನ್ಮೇಲೆ ನಂಗೆ ಗೊತ್ತಾಗುತ್ತೆ.”

ಅವನು ಟವೆಲನ್ನು ಹೆಗಲಿಂದ ತೆಗೆದು, ಅಂಗೈಗಳನ್ನು ಒರೆಸಿಕೊಂಡು, ಕೂರದೆ ಗೆರೆಯ ಹತ್ತಿರ ನಿಂತ.